ಮಳೆಯಿಲ್ಲದ ಕಾಲದಲ್ಲೂ ಸೂರು ಒದ್ದೆ: ತಾರಸಿ ಒಡೆಸಬೇಕಾ, ಸೋಲಾರ್ ಬದಲಿಸಬೇಕಾ?

ಪ್ರಶ್ನೆ: ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ 2004ರಲ್ಲಿ ಕಟ್ಟಿಸಿದ ಮನೆ. ಕೆಳಗೆ, ಮೇಲೆ ಎರಡು ಅಂತಸ್ತು, ಆರ್‌ಸಿಸಿ ಮೋಲ್ಡ್ (ಕಂಬಿ ಹಾಕಿದ ಕಾಂಕ್ರೀಟ್ ಸೂರು). ತಾರಸಿ ಮೇಲೆ 200 ಲೀಟರ್‌ನ ಗಾಜಿನ ಟ್ಯೂಬ್ ಸೋಲಾರ್ ವಾಟರ್ ಹೀಟರ್ ಇದೆ. ದೀಪಾವಳಿ ಹೊತ್ತಿನ ಮಳೆಯಲ್ಲಿ ಮೇಲಿನ ಕೋಣೆಯ ಸೂರಿನಲ್ಲಿ, ಬಚ್ಚಲುಮನೆ ಗೋಡೆಯ ಮೂಲೆಗೆ, ಅಂಗೈಯಗಲ ಕಲೆ ಕಾಣಿಸಿತು. ಈಗ ಸಂಕ್ರಾಂತಿ ಕಳೆದಿದೆ, ಒಂದು ಹನಿ ಮಳೆ ಇಲ್ಲ. ಆದರೂ ಕಲೆ ಮೊರದಗಲ ಆಗಿದೆ. ಬಣ್ಣ ಉಬ್ಬಿ ಉದುರುತ್ತಿದೆ, ಬಿಳೀ ಉಪ್ಪು ಬಿಟ್ಟಿದೆ. ಬೆಳಿಗ್ಗೆ ಎಲ್ಲರ ಸ್ನಾನ ಮುಗಿದ ಮೇಲೆ ತೇವ ಜಾಸ್ತಿ ಅನ್ನಿಸುತ್ತೆ. ಫ್ಯಾನ್ ಹತ್ತಿರವೂ ಒಂದೆರಡು ಸಲ ಹನಿ ಬಿದ್ದಿದೆ. ಮೋಟಾರ್ ಕೂಡ ಮೊದಲಿಗಿಂತ ಹೆಚ್ಚು ಸಲ ಹಾಕಬೇಕಾಗಿದೆ. ಮೇಸ್ತ್ರಿಯವರು ಇಡೀ ತಾರಸಿ ಒಡೆದು ಹೊಸದಾಗಿ ಹಾಕಬೇಕು, ಮೂರು ಲಕ್ಷ ಆಗುತ್ತೆ ಅಂದರು. ಸೋಲಾರ್‌ನವರು ಟ್ಯಾಂಕ್ ಹೋಗಿದೆ, ಹೊಸದು ತಗೊಳ್ಳಿ ಅಂದರು. ಪಕ್ಕದ ಮನೆಯವರು ಟಾರ್ ಬಳಿಸಿ ಅನ್ನುತ್ತಾರೆ. ಹೋದ ಬೇಸಿಗೆಯಲ್ಲಿ ಶವರ್‌ಗೆ ನೀರು ಜೋರಾಗಿ ಬರಲಿ ಅಂತ ಪ್ರೆಷರ್ ಪಂಪ್ ಹಾಕಿಸಿದ್ದು ಬಿಟ್ಟರೆ ನಾವು ಏನೂ ಬದಲಾಯಿಸಿಲ್ಲ. ಆ ಕೋಣೆಯಲ್ಲಿ ನಮ್ಮ ಅತ್ತೆ ಮಲಗುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಆ ಕೋಣೆಯ ಫ್ಯಾನ್ ಮತ್ತು ಲೈಟಿನ ಎಂಸಿಬಿ (ಮೇನ್ ಬೋರ್ಡಿನಲ್ಲಿರುವ ಸ್ವಿಚ್) ಇಳಿಸಿ. ಫ್ಯಾನ್ ಹತ್ತಿರ ನೀರು ಬಂದಿದೆ ಅಂದರೆ ವೈರ್ ಹೋಗುವ ಪೈಪಿನೊಳಗೆ ನೀರು ಸೇರಿದೆ ಅಂತಲೇ ತಿಳಿಯಬೇಕು. ಎಲೆಕ್ಟ್ರಿಷಿಯನ್ ಬಂದು ನೋಡಿ ಸರಿ ಅನ್ನುವವರೆಗೆ ಅತ್ತೆಯವರು ಬೇರೆ ಕೋಣೆಯಲ್ಲಿ ಮಲಗಲಿ. ಉಳಿದ ಎಲ್ಲದಕ್ಕೂ ಎರಡು ವಾರ ಕಾಯಬಹುದು, ಇದಕ್ಕೆ ಒಂದು ರಾತ್ರಿಯೂ ಬೇಡ.

ಈಗ ನಿಮ್ಮ ಆತಂಕಕ್ಕೆ ಬರೋಣ. ಮೂರು ಜನ ಮೂರು ಮಾತು ಹೇಳಿದ್ದಾರೆ. ದುಡ್ಡು ದೊಡ್ಡದು. ತಪ್ಪು ಕೆಲಸಕ್ಕೆ ಸುರಿದು, ಆಮೇಲೂ ಸೋರಿದರೆ ಏನು ಗತಿ ಅನ್ನುವುದೇ ನಿಮ್ಮ ಭಯ ಅಲ್ವಾ? ಆ ಭಯ ಸರಿಯಾದದ್ದೇ. ಮೈಸೂರಿನಲ್ಲಿ ಮನೆ ರಿಪೇರಿ ಕೆಲಸ ಮಾಡುವ ಎಂಜಿನಿಯರ್ ಆಗಿ ನಾನು ಹೆಚ್ಚು ನೋಡಿರುವುದು ಕೆಟ್ಟ ಕೆಲಸವನ್ನಲ್ಲ. ಚೆನ್ನಾಗಿಯೇ ಮಾಡಿದ, ಆದರೆ ಬೇಡದ ಜಾಗದಲ್ಲಿ ಮಾಡಿದ ಕೆಲಸವನ್ನು. ತಾರಸಿಗೆ ಹೊಸ ಕಾಂಕ್ರೀಟ್ ಬಿದ್ದಿರುತ್ತದೆ, ನೀರು ಪೈಪಿನಿಂದ ಬರುತ್ತಿರುತ್ತದೆ.

ಸೋರಿಕೆಯಲ್ಲಿ ಎರಡು ಪ್ರಶ್ನೆ ಇವೆ. ನೀರು ಎಲ್ಲಿಂದ ಬರುತ್ತಿದೆ ಅನ್ನುವುದು ಒಂದು. ಆ ನೀರು ಮೋಲ್ಡಿನೊಳಗೆ ಎಲ್ಲಿ ಇಳಿಯುತ್ತಿದೆ ಅನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಇರಬೇಕು ಅಂತ ಏನಿಲ್ಲ. ನಿಮ್ಮ ಮೇಸ್ತ್ರಿ ಎರಡನೆಯದಕ್ಕೆ ಮಾತ್ರ ಉತ್ತರ ಕೊಟ್ಟಿದ್ದಾರೆ. ಸೋಲಾರ್‌ನವರು ಮೊದಲನೆಯದಕ್ಕೆ ಮಾತ್ರ. ಇಬ್ಬರೂ ಪರೀಕ್ಷೆ ಮಾಡಿ ನೋಡಿದಂತೆ ನಿಮ್ಮ ಪತ್ರದಲ್ಲಿ ಕಾಣಲಿಲ್ಲ.

ನೀವು ಬರೆದಿರುವುದರಲ್ಲೇ ಇರುವ ಸುಳಿವು

ಮೈಸೂರಿನಲ್ಲಿ ಜನವರಿ, ಫೆಬ್ರವರಿ ಒಣ ತಿಂಗಳು. ದೀಪಾವಳಿ ಮಳೆಯ ನೀರು ತಾರಸಿಯ ಸುರ್ಕಿ (ಇಟ್ಟಿಗೆ ಚೂರು, ಸುಣ್ಣದ ಪದರ), ಗಾರೆಯೊಳಗೆ ಕೆಲವು ವಾರ ಉಳಿದು ನಿಧಾನವಾಗಿ ಜಿನುಗಬಹುದು, ಅದು ನಿಜ. ಆದರೆ ಹಾಗೆ ಉಳಿದ ನೀರಿನ ಕಲೆ ದಿನದಿನಕ್ಕೆ ಮಸುಕಾಗುತ್ತಾ ಅಂಚಿನಿಂದ ಒಣಗುತ್ತಾ ಬರುತ್ತದೆ. ನಿಮ್ಮದು ಬೆಳೆಯುತ್ತಿದೆ. ಮಳೆಯಿಲ್ಲದೆ ಬೆಳೆಯುವ ಕಲೆಗೆ ದಿನವೂ ಯಾರೋ ನೀರು ಕೊಡುತ್ತಿದ್ದಾರೆ. ಆ ನೀರು ನಿಮ್ಮ ಮನೆಯದೇ. ಮೋಟಾರ್ ಹೆಚ್ಚು ಸಲ ಹಾಕಬೇಕಾಗಿರುವುದೂ ಅದನ್ನೇ ಹೇಳುತ್ತದೆ.

ಸ್ನಾನದ ನಂತರ ತೇವ ಜಾಸ್ತಿ ಅಂದಿರಿ. ಪ್ರೆಷರ್ ಪಂಪ್ ಹಾಕಿಸಿದ್ದೀರಿ ಅಂದಿರಿ. ಇವೆರಡನ್ನೂ ಒಟ್ಟಿಗೆ ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಸೋಲಾರ್ ಟ್ಯಾಂಕಿನ ಮೇಲಿರುವ, ಗಾಳಿ, ಆವಿ ಹೋಗಿಬರುವ ಏರ್ ವೆಂಟ್ ಪೈಪಿನ ಮೇಲೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈಚೆಗೆ ಈ ತೊಂದರೆ ತುಂಬಾ ಮನೆಗಳಲ್ಲಿ ನೋಡುತ್ತಿದ್ದೇನೆ, ಹಿಡಿಯುವವರು ಕಡಿಮೆ.

ನಮ್ಮ ಕಡೆ ಮನೆಗಳಲ್ಲಿರುವ ಟ್ಯೂಬ್ ಸೋಲಾರ್‌ಗಳಲ್ಲಿ ಹೆಚ್ಚಿನವು ಪ್ರೆಷರ್ ತಡೆಯುವಂಥವಲ್ಲ. ಓವರ್‌ಹೆಡ್ ಟ್ಯಾಂಕಿನಿಂದ ನೀರು ತಾನಾಗಿ ಇಳಿದು ಸೋಲಾರ್ ಟ್ಯಾಂಕ್ ತುಂಬುತ್ತದೆ. ಅಲ್ಲಿಂದ ಬಿಸಿನೀರು ತಾನಾಗಿ ಕೆಳಗೆ ಬರುತ್ತದೆ. ಪಂಪ್ ಇರುವುದು ತಣ್ಣೀರಿನ ಲೈನಿಗೆ ಮಾತ್ರ. ಅಂದರೆ ಬಚ್ಚಲಿನ ಮಿಕ್ಸರ್‌ಗೆ ಒಂದು ಕಡೆಯಿಂದ ತಣ್ಣೀರು ಜೋರಾಗಿ ನುಗ್ಗುತ್ತದೆ, ಇನ್ನೊಂದು ಕಡೆಯಿಂದ ಬಿಸಿನೀರು ಮೆಲ್ಲಗೆ ಬರುತ್ತದೆ. ಎರಡೂ ತಿರುಪು ತೆರೆದಿದ್ದು, ಕೈಶವರ್‌ನ ಗುಂಡಿಯನ್ನಷ್ಟೇ ಒತ್ತಿ ನಿಲ್ಲಿಸಿದರೆ, ಜೋರಿನ ತಣ್ಣೀರಿಗೆ ಹೊರಗೆ ದಾರಿ ಇಲ್ಲ. ಅದು ಬಿಸಿನೀರಿನ ಪೈಪಿನೊಳಗೆ ಹಿಂದಕ್ಕೆ ನುಗ್ಗಿ, ತಾರಸಿಗೆ ಹತ್ತಿ, ಸೋಲಾರ್ ಟ್ಯಾಂಕ್ ಉಕ್ಕಿಸಿ, ಏರ್ ವೆಂಟಿನಿಂದ ಹೊರಗೆ ಬೀಳುತ್ತದೆ. ಸೋಪು ಹಚ್ಚಿಕೊಳ್ಳುವ ಎರಡು ನಿಮಿಷದಲ್ಲಿ ಬಕೆಟ್‌ಗಟ್ಟಲೆ ನೀರು ತಾರಸಿ ಮೇಲೆ ಹರಿಯಬಹುದು. ಮಿಕ್ಸರ್‌ನ ಒಳಭಾಗ ಸವೆದಿದ್ದರೆ ಶವರ್ ನಡೆಯುವಾಗಲೂ ಸ್ವಲ್ಪ ಸ್ವಲ್ಪ ಹೀಗಾಗುತ್ತದೆ. ಬಿಸಿಲು ಏರುವಷ್ಟರಲ್ಲಿ ತಾರಸಿ ಒಣಗಿರುತ್ತದೆ, ಸಂಜೆ ಬಟ್ಟೆ ತೆಗೆಯಲು ಹೋದವರ ಕಣ್ಣಿಗೆ ಏನೂ ಬೀಳುವುದಿಲ್ಲ. ಇದರ ಜೊತೆಗೆ ಬಿಸಿನೀರು ಈಚೆಗೆ ಬೇಗ ಉಗುರುಬೆಚ್ಚಗಾಗುತ್ತಿದೆ ಅನ್ನುವ ಅನುಭವ ನಿಮ್ಮ ಮನೆಯವರಿಗೆ ಇದ್ದರೆ ನನ್ನ ಅನುಮಾನ ಇನ್ನಷ್ಟು ಗಟ್ಟಿ.

ಇದು ಅನುಮಾನ ಮಾತ್ರ. ನೋಡದೆ ತೀರ್ಪು ಕೊಡುವುದು ಸರಿಯಲ್ಲ. ಬಿಸಿನೀರಿನ ಪೈಪ್ ಗೋಡೆಯೊಳಗೆ ತೂತಾಗಿರಬಹುದು. 2004ರ ಸುಮಾರಿನ ಬಹಳ ಮನೆಗಳಲ್ಲಿ ಬಿಸಿನೀರಿಗೆ ಗೋಡೆಯೊಳಗೆ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪ್ ಇದೆ, ಅದು ಈಗ ಒಳಗಿನಿಂದ ತುಕ್ಕು ತಿಂದು ತೆಳ್ಳಗಾಗಿರುವ ವಯಸ್ಸು. ಟ್ಯೂಬಿನ ಗ್ಯಾಸ್ಕೆಟ್ (ಸಂದು ಮುಚ್ಚುವ ರಬ್ಬರ್ ಬಳೆ) ಹೋಗಿರಬಹುದು. ಇದಕ್ಕೆಲ್ಲ ಪರೀಕ್ಷೆ ಇದೆ, ಅದಕ್ಕೆ ಖರ್ಚೇ ಇಲ್ಲ.

ನೀವೇ ಮಾಡಬಹುದಾದ ಪರೀಕ್ಷೆ

ಒಂದು ಸ್ಟೂಲ್ ಹತ್ತಿ ಕಲೆಯ ಅಂಚಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಮುಂದೆ ಏನೇ ಮಾಡಿದರೂ ಫಲ ಸಿಕ್ಕಿದೆಯೋ ಇಲ್ಲವೋ ಅನ್ನುವುದಕ್ಕೆ ಈ ಗೆರೆಯೇ ಸಾಕ್ಷಿ. ಕಣ್ಣಂದಾಜು ಮೋಸ ಮಾಡುತ್ತದೆ.

ಮರುದಿನ ಬೆಳಿಗ್ಗೆ ಯಾರೂ ಸ್ನಾನಕ್ಕೆ ಹೋಗುವ ಮೊದಲು ತಾರಸಿಗೆ ಹೋಗಿ. ಸೋಲಾರ್ ಸುತ್ತ ಗುಡಿಸಿ, ಒಣಗಿದೆಯಾ ನೋಡಿ. ಒದ್ದೆ ಇದ್ದರೆ ಎಲ್ಲಿ ಅಂತ ಗಮನಿಸಿ. ಟ್ಯೂಬ್‌ಗಳು ಟ್ಯಾಂಕಿಗೆ ಸೇರುವ ಕಡೆ ಹನಿಯಿದ್ದರೆ ಗ್ಯಾಸ್ಕೆಟ್. ಟ್ಯಾಂಕಿನ ಹೊರಕವಚದ ಮೂಲೆಯಿಂದ ತೊಟ್ಟಿಕ್ಕುತ್ತಿದ್ದರೆ ಒಳಟ್ಯಾಂಕ್ ಬಿರುಕು ಬಿಟ್ಟು ನಡುವಿನ ಫೋಮ್ ನೆನೆದಿದೆ. ಪೈಪಿನ ಜಾಯಿಂಟಿನಲ್ಲಾದರೆ ಅದೇ ಜಾಗ. ಏನೂ ಇಲ್ಲದಿದ್ದರೆ ಒಬ್ಬರು ಅಲ್ಲೇ ನಿಲ್ಲಿ, ಇನ್ನೊಬ್ಬರು ಕೆಳಗೆ ಮಿಕ್ಸರ್‌ನ ಎರಡೂ ಕಡೆ ತೆರೆದು ಕೈಶವರ್ ಗುಂಡಿ ಒತ್ತಿ ನಿಲ್ಲಿಸಲಿ. ಪಂಪ್ ಓಡುತ್ತಿದ್ದು ಏರ್ ವೆಂಟಿನಿಂದ ನೀರು ಬಂದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ವೆಂಟ್ ಪೈಪಿನ ತುದಿ ಓವರ್‌ಹೆಡ್ ಟ್ಯಾಂಕಿನ ತುಂಬಿದ ಮಟ್ಟಕ್ಕಿಂತ ಮೇಲಿದೆಯಾ ಅನ್ನುವುದನ್ನೂ ನೋಡಿ. ಕೆಳಗಿದ್ದರೆ ಟ್ಯಾಂಕ್ ತುಂಬಿದಾಗಲೆಲ್ಲ ಅಲ್ಲಿಂದ ಸುರಿಯುತ್ತದೆ, ಪಂಪ್ ಇಲ್ಲದೆಯೂ.

ಒಂದು ಎಚ್ಚರಿಕೆ. ಏರ್ ವೆಂಟಿನಿಂದ ನೀರು ಬರುತ್ತಿದೆ ಅಂತ ಅದಕ್ಕೆ ಬಿರಡೆ ಹಾಕಿ ಮುಚ್ಚಬೇಡಿ, ಯಾರಿಗೂ ಮುಚ್ಚಲು ಬಿಡಬೇಡಿ. ನೀರು ಕಾದು ಹಿಗ್ಗುವಾಗ, ಆವಿ ಹೊರಗೆ ಹೋಗುವಾಗ, ನೀರು ಇಳಿದು ಗಾಳಿ ಒಳಗೆ ಬರುವಾಗ ಟ್ಯಾಂಕಿಗೆ ಇರುವ ದಾರಿ ಅದೊಂದೇ. ಮುಚ್ಚಿದರೆ ಟ್ಯಾಂಕ್ ಒಡೆಯುತ್ತದೆ, ಇಲ್ಲವೇ ಒಳಕ್ಕೆ ಕುಗ್ಗುತ್ತದೆ. ಸೋಲಾರ್ ನೀರು ಸಂಜೆಗೆ ಮೈ ಸುಡುವಷ್ಟು ಬಿಸಿ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ಕಡು ಬಿಸಿಲಿನ ದಿನ ವೆಂಟಿನಿಂದ ಒಂದಿಷ್ಟು ಹನಿ, ಆವಿ ಬಂದರೆ ಅದು ಸಹಜ.

ಆಮೇಲೆ ರಾತ್ರಿಯ ಪರೀಕ್ಷೆ. ನೀರಿನ ಮೀಟರ್ ನೋಡಿ ಅಂತ ಕೆಲವರು ಹೇಳುತ್ತಾರೆ. ನಮ್ಮ ಊರಿನ ಮನೆಗಳಲ್ಲಿ ಮೀಟರ್ ಇರುವುದು ಸಂಪಿಗೆ ಬರುವ ನೀರಿಗೆ, ತಾರಸಿಯಿಂದ ಇಳಿಯುವ ನೀರಿಗಲ್ಲ. ಆದ್ದರಿಂದ ಓವರ್‌ಹೆಡ್ ಟ್ಯಾಂಕಿನ ಮಟ್ಟವನ್ನೇ ಅಳೆಯಬೇಕು. ರಾತ್ರಿ ಹತ್ತಕ್ಕೆ ಎಲ್ಲ ನಲ್ಲಿ ಮುಚ್ಚಿ, ಪಂಪಿನ ಸ್ವಿಚ್ ಆರಿಸಿ, ಕಡ್ಡಿಯೊಂದನ್ನು ಟ್ಯಾಂಕಿಗೆ ಇಳಿಸಿ ಮಟ್ಟ ಗುರುತು ಮಾಡಿ. ಬೆಳಿಗ್ಗೆ ಐದಕ್ಕೆ ಮತ್ತೆ ಅಳೆಯಿರಿ. ಒಂದು ಮೀಟರ್ ಅಗಲದ ದುಂಡು ಟ್ಯಾಂಕಿನಲ್ಲಿ ಮಟ್ಟ 1 ಸೆಂಟಿಮೀಟರ್ ಇಳಿದರೆ ಸುಮಾರು 8 ಲೀಟರ್ ಹೋಗಿದೆ ಅಂತ ಅರ್ಥ. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು ಹೋಗುತ್ತದೆ. ಅಷ್ಟು ಸಣ್ಣದು ಒಂದು ರಾತ್ರಿಯಲ್ಲಿ ಕಡ್ಡಿಗೆ ಸಿಗುವುದು ಕಷ್ಟ. ಹಾಗಾಗಿ ಮಟ್ಟ ಇಳಿಯಲಿಲ್ಲ ಅಂದ ಮಾತ್ರಕ್ಕೆ ಸೋರಿಕೆ ಇಲ್ಲವೇ ಇಲ್ಲ ಅಂತಲ್ಲ. ಇಳಿದರೆ ಮಾತ್ರ ಇದೆ ಅನ್ನುವುದು ಖಂಡಿತ.

ಮಟ್ಟ ಇಳಿದಿದ್ದರೆ ಮೊದಲು ಫ್ಲಶ್ ಟ್ಯಾಂಕ್ ನೋಡಿ. ಅಡುಗೆಯ ಬಣ್ಣ ಒಂದು ಚಿಟಿಕೆ ಅದಕ್ಕೆ ಹಾಕಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೇ ಕಮೋಡಿನಲ್ಲಿ ಬಣ್ಣ ಕಂಡರೆ ನೀರು ಅಲ್ಲಿ ಹೋಗುತ್ತಿದೆ. ಅದಕ್ಕೂ ಸೂರಿಗೂ ಸಂಬಂಧವಿಲ್ಲ. ಅದು ಸರಿಯಿದ್ದರೆ ಎರಡನೇ ರಾತ್ರಿ ಸೋಲಾರಿಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ ಮತ್ತೆ ಅಳೆಯಿರಿ. ಈಗ ಮಟ್ಟ ನಿಂತರೆ ಸೋರಿಕೆ ಸೋಲಾರ್ ಅಥವಾ ಬಿಸಿನೀರಿನ ಲೈನಿನಲ್ಲಿದೆ. ಮತ್ತೆ ಅಷ್ಟೇ ಇಳಿದರೆ ತಣ್ಣೀರಿನ ಲೈನಿನಲ್ಲಿದೆ. ಬೆಳಿಗ್ಗೆ ಬಿಸಿಲು ಏರುವ ಮೊದಲು, ಯಾರೂ ಬಿಸಿನೀರು ಬಿಡುವ ಮೊದಲು, ಆ ವಾಲ್ವ್ ತೆರೆಯಲೇಬೇಕು. ನೀರಿಲ್ಲದ ಟ್ಯೂಬ್ ಬಿಸಿಲಿನಲ್ಲಿ 200 ಡಿಗ್ರಿ ದಾಟಿ ಕಾಯುತ್ತದೆ. ಆಗ ತಣ್ಣೀರು ಬಿಟ್ಟರೆ ಒಲೆಯ ಮೇಲಿಂದ ಇಳಿಸಿದ ಗಾಜಿನ ಪಾತ್ರೆಗೆ ನೀರು ಹೊಯ್ದ ಹಾಗೆ, ಟ್ಯೂಬ್ ಸಿಡಿಯುತ್ತದೆ.

ಪಂಪಿನಿಂದಾಗುವ ಉಕ್ಕುವಿಕೆ ಈ ರಾತ್ರಿ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಆಗ ಪಂಪ್ ಓಡುವುದಿಲ್ಲವಲ್ಲ. ಅದಕ್ಕೇ ಬೆಳಗಿನದು, ರಾತ್ರಿಯದು ಎರಡೂ ಬೇಕು.

ಕೊನೆಗೆ ತಾರಸಿಯ ಪರೀಕ್ಷೆ, ಇದಕ್ಕೆ ಮೇಸ್ತ್ರಿಯ ಸಹಾಯ ತಗೊಳ್ಳಿ. ಮೇಲಿನ ಎರಡು ಪರೀಕ್ಷೆಯಲ್ಲಿ ಸಿಕ್ಕ ಸೋರಿಕೆ ನಿಲ್ಲಿಸಿ, ಸೂರು ಸ್ವಲ್ಪ ಒಣಗಿದ ಮೇಲೆ ಮಾಡಬೇಕು. ಅನುಮಾನ ಇರುವ ಜಾಗದ ಸುತ್ತ ತೆಳು ಗಾರೆಯ ಒಡ್ಡು ಕಟ್ಟಿ ಎರಡೂವರೆ ಸೆಂಟಿಮೀಟರ್ ನೀರು ನಿಲ್ಲಿಸಿ ಒಂದು ದಿನ ಕಾಯುವುದು. ಇಡೀ ತಾರಸಿಗೆ ಒಂದೇ ಸಲ ನೀರು ಕಟ್ಟಿದರೆ ಸೋರುತ್ತದೆ ಅಂತ ಗೊತ್ತಾಗುತ್ತದೆ, ಎಲ್ಲಿ ಅಂತ ಗೊತ್ತಾಗುವುದಿಲ್ಲ. ವಾಟ (ನೀರು ಹರಿಯಲು ಕೊಟ್ಟ ಇಳಿಜಾರು) ಇಳಿದಿರುವ ತಗ್ಗಿನ ಕಡೆಯಿಂದ ಶುರು ಮಾಡಿ ಒಂದೊಂದೇ ಜಾಗ ನೋಡುತ್ತಾ ಮೇಲಕ್ಕೆ ಹೋಗಬೇಕು. ನಿಮ್ಮ ಮನೆಯಲ್ಲಿ ನಾನು ಮೊದಲು ನೋಡುವ ಜಾಗ ಎರಡು: ಸೋಲಾರ್ ಸ್ಟ್ಯಾಂಡಿನ ಕಾಲುಗಳು, ಬಿಸಿನೀರಿನ ಪೈಪ್ ಮೋಲ್ಡ್ ತೂರಿ ಬಚ್ಚಲಿಗೆ ಇಳಿಯುವ ತೂತು.

(ಅಗ್ರಹಾರ, ಚಾಮುಂಡಿಪುರಂ, ಲಕ್ಷ್ಮೀಪುರಂ ಕಡೆಯ ಹಳೆಯ ಮದ್ರಾಸ್ ತಾರಸಿ ಮನೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ನೀರು ಕಟ್ಟುವ ಪರೀಕ್ಷೆ ಮಾಡಬೇಡಿ. ಮರದ ತೊಲೆ, ಇಟ್ಟಿಗೆ, ಸುಣ್ಣದ ಗಾರೆಯ ಆ ಸೂರಿಗೆ ಹೆಚ್ಚಿನ ಭಾರ ಅಪಾಯ. ತೊಲೆಯ ತುದಿ ಗೋಡೆಯೊಳಗೆ ಕೊಳೆತಿದ್ದರೆ ಹೊರಗೆ ಕಾಣುವುದಿಲ್ಲ. ಮೇಲೆ ಸಿಮೆಂಟ್ ಬಳಿಯುವುದೂ ತಪ್ಪು, ಒಳಗಿನ ತೇವಕ್ಕೆ ಹೊರಹೋಗುವ ದಾರಿ ಇಲ್ಲದಂತಾಗುತ್ತದೆ. ಅಂಥ ಮನೆಗೆ ಸುಣ್ಣದ ಕೆಲಸ ಬಲ್ಲವರೇ ಬೇಕು.)

ಕಲೆ ಇದ್ದ ಕಡೆಯೇ ತೂತು ಇರುವುದಿಲ್ಲ

ಬಹಳ ಜನ ಕಲೆಯ ನೇರ ಮೇಲೆ ತಾರಸಿಯಲ್ಲಿ ಅಗೆಸುತ್ತಾರೆ. ಅಲ್ಲಿ ಏನೂ ಸಿಗುವುದಿಲ್ಲ. ಮೋಲ್ಡಿನ ಮೇಲೆ ವಾಟಕ್ಕಾಗಿ ಹಾಕಿದ ಪದರ ಇರುತ್ತದೆ. ಮೇಲಿನ ಪದರದ ಬಿರುಕಿನಲ್ಲಿ ಇಳಿದ ನೀರು ಅದರ ಮತ್ತು ಮೋಲ್ಡಿನ ನಡುವೆ ಹರಿಯುತ್ತಾ, ಮೋಲ್ಡಿನಲ್ಲಿ ಸಂದು ಸಿಕ್ಕ ಕಡೆ ಕೆಳಗೆ ಬರುತ್ತದೆ. ನಡುವೆ ಹತ್ತು ಹದಿನೈದು ಅಡಿ ದೂರ ಇರಬಹುದು. ವೈರಿನ ಪೈಪ್ ಸಿಕ್ಕರಂತೂ ಮುಗಿಯಿತು. ಮೋಲ್ಡಿನೊಳಗೆ ಹೂತಿಟ್ಟ ಆ ಪೈಪ್ ನೀರನ್ನು ಸೀದಾ ಫ್ಯಾನಿನ ಡಬ್ಬಿಗೆ ತಂದು ಬಿಡುತ್ತದೆ. ನಿಮ್ಮ ಫ್ಯಾನ್ ಹತ್ತಿರ ಬಿದ್ದ ಹನಿ ಹೀಗೇ ಬಂದಿರಬೇಕು. ಅದರ ಮೇಲಿನ ತಾರಸಿಯಲ್ಲಿ ಏನೂ ಕೆಟ್ಟಿರಲಿಕ್ಕಿಲ್ಲ.

ಸೋಲಾರ್ ಸ್ಟ್ಯಾಂಡಿನ ಕಾಲು ಯಾಕೆ ಅನುಮಾನ ಅಂದರೆ, ಅದನ್ನು ನಿಲ್ಲಿಸುವಾಗ ತಾರಸಿಗೆ ಡ್ರಿಲ್ ಮಾಡಿ ಬೋಲ್ಟ್ ಹೊಡೆಯುತ್ತಾರೆ. ಆ ತೂತು ಮೇಲಿನ ಪದರವನ್ನು ದಾಟಿ ಮೋಲ್ಡಿಗೇ ಹೋಗಿರುತ್ತದೆ. ಸುತ್ತ ಒಂದು ಬೊಗಸೆ ಸಿಮೆಂಟ್ ಮೆತ್ತಿರುತ್ತಾರೆ. 200 ಲೀಟರಿನ ಟ್ಯಾಂಕು, ಟ್ಯೂಬಿನೊಳಗಿನ ನೀರು, ಸ್ಟ್ಯಾಂಡ್ ಎಲ್ಲ ಸೇರಿದ ಭಾರ ಆ ನಾಲ್ಕಾರು ಕಾಲುಗಳ ಮೇಲೆ. ಗಾಳಿಗೆ ಸ್ಟ್ಯಾಂಡ್ ಸಣ್ಣಗೆ ಅಲುಗುತ್ತದೆ, ಮೆತ್ತಿದ ಸಿಮೆಂಟ್ ಒಂದೆರಡು ವರ್ಷದಲ್ಲೇ ಬಿರುಕು ಬಿಡುತ್ತದೆ, ಬೋಲ್ಟ್ ತುಕ್ಕು ಹಿಡಿಯುತ್ತದೆ. ಬಗ್ಗಿ ಕೂತು ಕಾಲಿನ ಬುಡ ನೋಡಿ. ಕಂದು ಬಣ್ಣದ ಗೆರೆ, ಕೂದಲೆಳೆಯಷ್ಟು ದುಂಡನೆಯ ಬಿರುಕು ಕಂಡರೆ ನೀರು ಇಳಿಯುವ ದಾರಿ ಅದೇ.

ಪೈಪ್ ಇಳಿಯುವ ತೂತಿನ ಕಥೆ ಬೇರೆ. ಬಿಸಿನೀರಿಗೆ ಹಾಕುವ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಕಾದಾಗ ಉದ್ದವಾಗುತ್ತದೆ. ಹತ್ತು ಮೀಟರ್ ಪೈಪ್ 40 ಡಿಗ್ರಿ ಹೆಚ್ಚು ಕಾದರೆ ಸುಮಾರು ಎರಡೂವರೆ ಸೆಂಟಿಮೀಟರ್ ಬೆಳೆಯುತ್ತದೆ, ತಣ್ಣಗಾದರೆ ಮತ್ತೆ ಕುಗ್ಗುತ್ತದೆ. ದಿನಾ ಈ ಎಳೆದಾಟ ನಡೆದರೆ ಸುತ್ತ ತುಂಬಿದ ಸಿಮೆಂಟ್ ಬಿಡಿಸಿಕೊಳ್ಳುತ್ತದೆ, ಬಿಗಿಯಾಗಿ ಹಿಡಿದಿಟ್ಟ ಜಾಯಿಂಟ್ ಕೂಡ ಬಿಡುತ್ತದೆ. ಬಿಸಿನೀರಿಗೆ ತಣ್ಣೀರಿನ ಮಾಮೂಲಿ ಪಿವಿಸಿ ಪೈಪ್ ಹಾಕಿರುವ ಮನೆಗಳನ್ನೂ ನೋಡಿದ್ದೇನೆ. ಅದು ಮೆತ್ತಗಾಗಿ ಜೋತುಬಿದ್ದಿರುತ್ತದೆ.

ಇಷ್ಟು ಹೇಳಿದ ಮೇಲೆ, ನಿಮಗೆ ಸಿಕ್ಕ ಮೂರು ಸಲಹೆಗಳಲ್ಲಿ ಯಾರದೂ ಪೂರ್ತಿ ಸುಳ್ಳಲ್ಲ. ತಾರಸಿಯಲ್ಲಿ ಸಂದು ಇಲ್ಲದೆ ನೀರು ಕೆಳಗೆ ಬರುವುದಿಲ್ಲ. ಕಲೆ ಮೊದಲ ಸಲ ದೀಪಾವಳಿ ಮಳೆಯಲ್ಲೇ ಕಂಡದ್ದೂ ಅದನ್ನೇ ಹೇಳುತ್ತದೆ. ಆದರೆ ಎರಡು ಜಾಗದ ಸಂದಿಗೆ ಇಡೀ ತಾರಸಿ ಒಡೆಯುವುದು ಯಾಕೆ? ಸೋಲಾರ್‌ನಿಂದ ನೀರು ಬರುತ್ತಿರಬಹುದು. ಅದಕ್ಕೆ ಹೊಸ ಟ್ಯಾಂಕೇ ಬೇಕು ಅಂತಿಲ್ಲ. ಪ್ರೆಷರ್ ಪಂಪಿನಿಂದ ಉಕ್ಕುತ್ತಿದ್ದರೆ ಹೊಸ ಟ್ಯಾಂಕೂ ಉಕ್ಕುತ್ತದೆ. ಟಾರ್ ಮಾತ್ರ ಬೇಡ. ಬಿಸಿಲಿಗೆ ಬಿರುಕು ಬಿಡುತ್ತದೆ, ಮನೆ ಕಾಯಿಸುತ್ತದೆ. ಮುಂದೆ ಒಳ್ಳೆಯ ಲೇಪನ ಹಾಕಬೇಕೆಂದರೆ ಅದರ ಮೇಲೆ ಬೇರೇನೂ ಅಂಟುವುದಿಲ್ಲ.

ಇನ್ನೊಂದು ಸಲಹೆ ನಿಮಗೆ ಇನ್ನೂ ಬಂದಿಲ್ಲ, ಬರುತ್ತದೆ. ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಹೊಡೆಸಿ ಅನ್ನುತ್ತಾರೆ. ಅದನ್ನು ಖಂಡಿತ ಮಾಡಬೇಡಿ. ನೀರು ಬರುವುದು ನಿಲ್ಲುವುದಿಲ್ಲ, ಮೋಲ್ಡಿನೊಳಗೇ ನಿಲ್ಲುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಮೊದಲಿನ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಒಂದು ದಿನ ಸೂರಿನ ಚಕ್ಕೆ ಮಂಚದ ಮೇಲೆ ಬೀಳುತ್ತದೆ. ಕಲೆ ಕಾಣುತ್ತಿರುವುದೇ ಈಗ ನಿಮಗೆ ಉಪಕಾರ.

ಏನು ಮಾಡಿಸಬಹುದು, ಯಾವುದರಲ್ಲಿ ಏನು ಅಪಾಯ

ನೀರಿನ ಮೂಲ ನಿಲ್ಲಿಸುವ ಕೆಲಸ ಮೊದಲು. ಪಂಪಿನ ತೊಂದರೆ ಅಂತ ಖಾತ್ರಿಯಾದರೆ, ಬಿಸಿನೀರು ಸೋಲಾರಿನಿಂದ ಹೊರಬರುವ ಕಡೆ ನಾನ್ ರಿಟರ್ನ್ ವಾಲ್ವ್ (ನೀರನ್ನು ಹಿಂದಕ್ಕೆ ಬಿಡದ ವಾಲ್ವ್) ಹಾಕಿಸಿ. ಹಗುರವಾಗಿ ತೆರೆಯುವ, ಬಾಗಿಲಿನಂತೆ ಆಡುವ ಸ್ವಿಂಗ್ ಬಗೆಯದೇ ಆಗಬೇಕು. ಗಟ್ಟಿ ಸ್ಪ್ರಿಂಗ್ ಇರುವುದು ಹಾಕಿದರೆ ತಾನಾಗಿ ಇಳಿಯುವ ಬಿಸಿನೀರಿಗೆ ಅದನ್ನು ತಳ್ಳುವ ಶಕ್ತಿ ಇರುವುದಿಲ್ಲ, ಬಚ್ಚಲಿಗೆ ಬಿಸಿನೀರೇ ಬರುವುದಿಲ್ಲ. ಪಂಪಿನ ಒತ್ತಡ ಕಡಿಮೆ ಮಾಡಿಸುವುದೂ ಒಂದು ದಾರಿ. ಅಲ್ಲಿಯವರೆಗೆ ಸೋಪು ಹಚ್ಚುವಾಗ ಕೈಶವರ್ ಗುಂಡಿ ಬಿಟ್ಟು ಮಿಕ್ಸರ್‌ನ ಎರಡೂ ತಿರುಪು ಮುಚ್ಚಿ ಅಂತ ಮನೆಯವರಿಗೆಲ್ಲ ಹೇಳಿ. ಬಿಸಿನೀರಿನ ಲೈನಿಗೂ ಅದೇ ಪಂಪ್ ಜೋಡಿಸಿ ಅಂತ ಯಾರಾದರೂ ಹೇಳಿದರೆ, ಒಪ್ಪುವ ಮೊದಲು ನಿಮ್ಮ ಸೋಲಾರ್ ಕಂಪನಿಯವರನ್ನು ಕೇಳಿ. ಪ್ರೆಷರ್ ತಡೆಯದ ಟ್ಯಾಂಕ್ ಹರಿದು ಹೋಗಬಹುದು.

ಗ್ಯಾಸ್ಕೆಟ್ ಹೋಗಿದ್ದರೆ ಬದಲಿಸುವುದು ಸಣ್ಣ ಕೆಲಸ. ಒಂದು ಟ್ಯೂಬಿನದು ಹೋಗಿದ್ದರೆ ಉಳಿದವಕ್ಕೂ ಅದೇ ವಯಸ್ಸು, ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಕೆಲಸ ಬೆಳಿಗ್ಗೆ ಬೇಗ ಅಥವಾ ಟ್ಯೂಬಿಗೆ ಗೋಣಿ ಹೊದಿಸಿ ಆಗಬೇಕು. ಒಳಟ್ಯಾಂಕೇ ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ತೇಪೆಗೆ ದುಡ್ಡು ಹಾಕಬೇಡಿ, ಪಕ್ಕದಲ್ಲಿ ಮತ್ತೆ ಬಿಡುತ್ತದೆ. ಸ್ಟ್ಯಾಂಡ್, ಟ್ಯೂಬ್ ಸರಿಯಿದ್ದರೆ ಟ್ಯಾಂಕ್ ಮಾತ್ರ ಸಿಗುತ್ತದಾ ಕೇಳಿ. ಕಾವೇರಿ ನೀರು ಬಳಸುವ ಮನೆಗಿಂತ ಬೋರ್ ನೀರು ಬಳಸುವ ಮನೆಯಲ್ಲಿ ಈ ತೊಂದರೆ ಬೇಗ ಬರುತ್ತದೆ. ಮಂಡ್ಯ ಕಡೆಯ ಎಷ್ಟೋ ಮನೆಗಳಲ್ಲಿ ಬೋರಿನ ಗಡಸು ನೀರಿಗೆ ಟ್ಯೂಬಿನ ತಳದಲ್ಲಿ ಸುಣ್ಣ ಗಟ್ಟಿ ಕಟ್ಟಿರುವುದನ್ನು ನೋಡಿದ್ದೇನೆ. ನಿಮ್ಮ ಮನೆಯಲ್ಲಿ ಬೋರ್ ನೀರು ಬೆರೆಯುತ್ತಿದ್ದರೆ ಟ್ಯಾಂಕಿನೊಳಗಿನ ಆನೋಡ್ ಕಡ್ಡಿಯನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡಿ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ.

ಗೋಡೆಯೊಳಗಿನ ಬಿಸಿನೀರಿನ ಜಿ.ಐ. ಪೈಪ್ ಸೋರುತ್ತಿದ್ದರೆ ಗೋಡೆ ಅಗೆದು ಒಂದು ತುಂಡು ಬದಲಿಸುವ ದಾರಿಯೂ ಇದೆ, ಹಳೆ ಪೈಪ್ ಹಾಗೇ ಮುಚ್ಚಿ ಹೊರಗೋಡೆ ಮೇಲೆ ಹೊಸ ಸಿಪಿವಿಸಿ ಲೈನ್ ಎಳೆಯುವ ದಾರಿಯೂ ಇದೆ. ನಾನು ಎರಡನೆಯದನ್ನೇ ಹೇಳುತ್ತೇನೆ. ನೋಡಲು ಅಷ್ಟು ಚೆಂದ ಇಲ್ಲ. ಆದರೆ ಒಂದು ತುಂಡು ಕೆಟ್ಟಿದ್ದರೆ ಉಳಿದದ್ದೂ ಕೆಡುವ ಹಂತದಲ್ಲಿರುತ್ತದೆ, ಟೈಲ್ಸ್ ಪದೇಪದೇ ಒಡೆಯಬೇಕಾಗುತ್ತದೆ. ಪೈಪಿಗೆ ಬಿಸಿ ಹಿಡಿಯುವ ಹೊದಿಕೆ ಹಾಕಿಸಿ, ಅಲ್ಲಲ್ಲಿ ಬಾಗು ಕೊಡಿಸಿ, ಹಿಗ್ಗಲು ಜಾಗ ಇರಲಿ.

ಈಗ ತಾರಸಿ. ನೀರು ಕಟ್ಟಿದ ಪರೀಕ್ಷೆಯಲ್ಲಿ ಕಾಲಿನ ಬುಡ, ಪೈಪಿನ ತೂತು ಮಾತ್ರ ಸಿಕ್ಕರೆ ಅಷ್ಟನ್ನೇ ಸರಿ ಮಾಡಿಸಿ. ಸುತ್ತ ಸಡಿಲ ಸಿಮೆಂಟ್ ಪೂರ್ತಿ ತೆಗೆದು, ಬಿರುಕನ್ನು ವಿ ಆಕಾರದಲ್ಲಿ ಬಿಡಿಸಿ, ಪಾಲಿಮರ್ ಬೆರೆಸಿದ ಗಾರೆ ತುಂಬಿ, ಮೇಲೆ ಲೇಪನ ಕೊಡಬೇಕು. ಸ್ಟ್ಯಾಂಡನ್ನು ಬೋಲ್ಟಿಲ್ಲದೆ ಭಾರದ ಕಾಂಕ್ರೀಟ್ ದಿಮ್ಮಿಗಳ ಮೇಲೆ ನಿಲ್ಲಿಸುವುದು ಇನ್ನೂ ಒಳ್ಳೆಯದು. ಆದರೆ ಗಾಳಿಗೆ ಮಗುಚದಷ್ಟು ಭಾರ ಇರಬೇಕು, ತಾರಸಿಗೆ ಹೊರೆಯಾಗದಂತೆ ಗೋಡೆ ಅಥವಾ ತೊಲೆಯ ಮೇಲೆ ಬರುವಂತಿರಬೇಕು. ಇದನ್ನು ಎಂಜಿನಿಯರ್ ಒಬ್ಬರು ನೋಡಲಿ. ತುಂಡು ಕೆಲಸದ ಅಪಾಯ ಇಷ್ಟೇ: ನಾಳೆ ಇನ್ನೊಂದು ಕಡೆ ಬಿಡಬಹುದು. ಅದಕ್ಕೆ ಪರೀಕ್ಷೆ ಮುಖ್ಯ.

ಪ್ಯಾರಪೆಟ್ ಬುಡದಲ್ಲಿ ಉದ್ದಕ್ಕೆ ಬಿರುಕು, ಅಲ್ಲಲ್ಲಿ ಜಾಲದಂಥ ಬಿರುಕು ಇದ್ದು ಮೋಲ್ಡ್ ಗಟ್ಟಿಯಿದ್ದರೆ ಇಡೀ ತಾರಸಿಗೆ ಲೇಪನ ಹಾಕಿಸಬಹುದು. ಅಕ್ರಿಲಿಕ್ ಅಗ್ಗ, ಆದರೆ ನೀರು ನಿಲ್ಲುವ ಕಡೆ ಸುಲಿಯುತ್ತದೆ. ಪಾಲಿಯುರೆಥೇನ್ ದುಬಾರಿ, ಹೆಚ್ಚು ತಾಳುತ್ತದೆ. ಯಾವುದಾದರೂ ಕೆಲವೇ ವರ್ಷ, ಮತ್ತೆ ಹಾಕಲೇಬೇಕು. ತಾರಸಿ ಪೂರ್ತಿ ಒಣಗಿರುವಾಗ ಹಾಕಬೇಕು, ಒದ್ದೆ ಮೇಲೆ ಹಾಕಿದ್ದು ಗುಳ್ಳೆ ಏಳುತ್ತದೆ. ನಮ್ಮಲ್ಲಿ ಮೇ ಹೊತ್ತಿಗೆ ಗುಡುಗಿನ ಮಳೆ ಜೋರಾಗಿರುತ್ತದೆ. ಹಾಗಾಗಿ ಫೆಬ್ರವರಿ, ಮಾರ್ಚ್ ಸರಿಯಾದ ಕಾಲ. ಹತ್ತು ವರ್ಷ ಗ್ಯಾರಂಟಿ ಅಂದವರಿಂದ ಯಾವುದಕ್ಕೆ ಗ್ಯಾರಂಟಿ, ಯಾವುದಕ್ಕಲ್ಲ ಅಂತ ಬರೆಸಿಕೊಳ್ಳಿ.

ವಾಟವೇ ಕೆಟ್ಟು ಮಳೆನೀರು ಅಲ್ಲಲ್ಲಿ ನಿಲ್ಲುತ್ತಿದ್ದರೆ, ಮೇಲಿನ ಪದರ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಆಗ ನಿಮ್ಮ ಮೇಸ್ತ್ರಿ ಹೇಳಿದ್ದು ಸರಿ. ಹಳೆ ಪದರ ತೆಗೆದು ನೂರು ಅಡಿಗೆ ಒಂದು ಅಡಿಯಾದರೂ ಇಳಿಯುವಂತೆ ವಾಟ ಕೊಟ್ಟು ಹೊಸದಾಗಿ ಹಾಕಬೇಕು. ಹಳೆಯದನ್ನು ತೆಗೆಯದೆ ಅದರ ಮೇಲೇ ಹಾಕಲು ಬಿಡಬೇಡಿ. ಭಾರ ಏರುತ್ತದೆ, ಒಳಗಿನ ತೇವ ಸಿಕ್ಕಿಹಾಕಿಕೊಳ್ಳುತ್ತದೆ. ಒಡೆಯುವಾಗ ದೊಡ್ಡ ಯಂತ್ರ ಬಳಸಿದರೆ ಮೋಲ್ಡಿಗೇ ಪೆಟ್ಟು ಬೀಳುತ್ತದೆ, ಕೈ ಉಳಿಯಲ್ಲೇ ಆಗಲಿ. ತಾರಸಿ ಮೇಲೆ ಶೀಟ್ ಹಾಕಿಸುವುದು ಈಗ ಎಲ್ಲ ಬಡಾವಣೆಯಲ್ಲೂ ಕಾಣುತ್ತದೆ. ಮಳೆಗೆ ಅದು ತಡೆ. ಆದರೆ ಸೋಲಾರಿಗೆ ನೆರಳು ಬೀಳಬಾರದು, ಕಾರ್ಪೊರೇಷನ್ ಅನುಮತಿ ಕೇಳಬೇಕು. ಸೋಲಾರಿನಿಂದ ಉಕ್ಕುವ ನೀರಿಗಂತೂ ಅದರಿಂದ ಏನೂ ಆಗುವುದಿಲ್ಲ.

ಮೋಲ್ಡಿನ ಸ್ಥಿತಿ ಬಗ್ಗೆ ಒಂದು ಮಾತು. ಬಣ್ಣ ಉದುರಿದ ಕಡೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಸಮಾಧಾನ. ಡೊಳ್ಳು ಸದ್ದು, ಕಂದು ಕಲೆ, ಕಂಬಿ ಹೋದ ಹಾಗೆ ನೇರ ಬಿರುಕು, ಇವುಗಳಲ್ಲಿ ಯಾವುದು ಕಂಡರೂ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ನೋಡುವುದಕ್ಕೆ ಅವರಿಗೆ ಬೇರೆಯಾಗಿ ಫೀಸು ಕೊಡಿ, ಕೆಲಸ ಮಾಡುವವರಿಂದ ಉಚಿತ ತಪಾಸಣೆ ಮಾಡಿಸಬೇಡಿ. ಬಿಳೀ ಉಪ್ಪು ಮಾತ್ರ ಇದ್ದರೆ ಹೆದರಬೇಡಿ. ಗಾರೆಯ ಸುಣ್ಣವನ್ನು ನೀರು ಹೊರಗೆ ತಂದಿದೆ, ಅಷ್ಟೇ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ನೀರು ಹಾಕಿ ತೊಳೆಯಬೇಡಿ.

ನಿಮಗೆ ನಾನು ಹೇಳುವ ಕ್ರಮ ಇದು: ಈ ವಾರ ಎಲೆಕ್ಟ್ರಿಷಿಯನ್ ಮತ್ತು ಬೆಳಗಿನ ಪರೀಕ್ಷೆ, ಮುಂದಿನ ವಾರ ರಾತ್ರಿಯದು. ಮೂಲ ಸಿಕ್ಕಿ ನಿಂತ ಮೇಲೆ ಮೂರು ನಾಲ್ಕು ವಾರ ಬರಿದೇ ಬಿಡಿ. ಪೆನ್ಸಿಲ್ ಗೆರೆಯೊಳಗೆ ಕಲೆ ಕುಗ್ಗುತ್ತಾ ಹೋದರೆ ತಾರಸಿಗೆ ನೀರು ಕಟ್ಟಿ ನೋಡಿಸಿ. ಮೂರು ಲಕ್ಷದ ಮಾತಿಗೆ ಉತ್ತರ ಕೊಡುವುದು ಆಮೇಲೆ. ಅಲ್ಲಿಯವರೆಗೆ ಯಾರಿಗೂ ಮುಂಗಡ ಕೊಡಬೇಡಿ. ಬಣ್ಣ ಎಲ್ಲಕ್ಕಿಂತ ಕೊನೆಗೆ. ಒಂದು ಮಳೆಗಾಲ ದಾಟಿದ ಮೇಲೆ ಹೊಡೆಸಿದರೂ ನಷ್ಟವಿಲ್ಲ.